ರಟ್ಟಿನ ಮೇಲಿನ ಲೆಕ್ಕ

ಗ್ರಿಮ್ಸ್‌ಬಿಯ ಮೀನಿನ ಕೋಲ್ಡ್ ಸ್ಟೋರೇಜಿಗೆ
ಹನ್ನೊಂದು ವರ್ಷದಿಂದ ಆಪರೇಷನ್ಸ್ ಮ್ಯಾನೇಜರು
ನಮ್ಮ ಡೆರಿಕ್ ಹ್ಯಾಲಮ್‌ಶಾ.
ಲಾರಿ ತಡವಾದರೂ ಅವನೇ, ಫ್ರೀಜರು ಕೆಮ್ಮಿದರೂ ಅವನೇ.

ಸ್ಲೌವಿನಿಂದ ಕಾಗದ ಬಂತು:
ಅದೇ ಕೆಲಸ, ಅದೇ ಬೈಗುಳ,
ವರ್ಷಕ್ಕೆ ಒಂಬತ್ತು ಸಾವಿರ ಪೌಂಡು ಹೆಚ್ಚು.

ರಾತ್ರಿ ಪಾಳಿಯಲ್ಲಿ ಕೈಗವಸು ಕಳಚಿ
ಪೆಟ್ಟಿಗೆಯ ರಟ್ಟಿನ ಮೇಲೆ ಲೆಕ್ಕಕ್ಕೆ ಕೂತ.
ಇಲ್ಲಿ ಮೂರು ಕೋಣೆ, ಹಿತ್ತಲು,
ಹಿತ್ತಲಲ್ಲಿ ಹೆಂಡತಿಯ ರುಬಾರ್ಬ್ ಗಿಡ.
ಅಲ್ಲಿ ಅಷ್ಟೇ ಬಾಡಿಗೆಗೆ ಒಂದು ಕೋಣೆ,
ಕಿಟಕಿ ತೆರೆದರೆ ಇನ್ನೊಬ್ಬರ ಕಿಟಕಿ.
ರೈಲು ಪಾಸು ಬರೆದ.
ಕಾರು ನಿಲ್ಲಿಸುವ ನೆಲಕ್ಕೂ ಬಾಡಿಗೆ ಬರೆದ.
ಒಂಬತ್ತು ಸಾವಿರ
ಬೆರಳ ಬಿಸಿಗೇ ಕರಗುತ್ತ ಬಂದು
ಉಳಿದದ್ದು ನಲವತ್ತು ಪೌಂಡು,
ಹುದ್ದೆಯ ಹಿಂದೆ 'ಹಿರಿಯ' ಎಂಬೊಂದು ಪದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಲ್ಲ,
ಊರು ಬದಲಾದರೆ
ಕಾಲೇ ಉದ್ದ ಬೆಳೆಯುವುದನ್ನು
ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಮೂರನೇ ಫ್ರೀಜರು ಕೂಗಿಕೊಂಡಿತು,
ಓಡಿದ.

ಬೆಳಗ್ಗೆ ಹುಡುಕಿದರೆ ರಟ್ಟಿಲ್ಲ.
ನಾನೇ ಅದಕ್ಕೆ ಕಾಡ್ ಮೀನು ತುಂಬಿ
ಸೀಲು ಒತ್ತಿ ಕಳಿಸಿದ್ದೆ,
ಸ್ಲೌ ಕಡೆಯ ಲಾರಿಯಲ್ಲಿ.
ಅಲ್ಲಿ ಆ ಮೀನಿಗೂ
ಬೆಲೆ ಜಾಸ್ತಿ.