ಒಂದು ಒತ್ತು ಕಡಿಮೆ

ರಾತ್ರಿ ಹನ್ನೆರಡು ನಲವತ್ತಕ್ಕೆ
ನೆಲಮಾಳಿಗೆಯಲ್ಲಿ ಮುದ್ರಣಯಂತ್ರ ಏಳುತ್ತದೆ.
ಮೊದಲು ನನ್ನ ಕಾಫಿಯ ಮೇಲೆ ಸಣ್ಣ ಸುತ್ತುಗಳು,
ಆಮೇಲೆ ಕಿಟಕಿಯ ಗಾಜು, ಆಮೇಲೆ ಮೊಣಕಾಲು.
ಆ ಹೊತ್ತಿಗೆ ಸುಲೊ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ,
ಕೆಳಗಿನಿಂದ ಮೇಲಕ್ಕೆ, ಅವಸರವಿಲ್ಲದೆ.
"ಇನ್ನು ನಮ್ಮ ಕೈಲಿಲ್ಲ" ಅನ್ನುತ್ತಿದ್ದ,
ಸುಪೀರಿಯರ್ ಸರೋವರಕ್ಕೆ ಹಡಗೊಂದನ್ನು
ಹಗ್ಗ ಬಿಚ್ಚಿ ಕಳಿಸಿದವನ ಹಾಗೆ.

ಈ ವಾರವೂ ಯಂತ್ರ ಎದ್ದಿದೆ, ಕಾಫಿ ನಡುಗಿದೆ.
ಗುಂಡಿ ಹಾಕಿಕೊಳ್ಳುವವರಿಲ್ಲ.

ಮೂವತ್ತೊಂದು ವರ್ಷ ರಾತ್ರಿ ಪಾಳಿ.
ಹೆಸರು ಅಚ್ಚಾಗುವ ಕೆಲಸವಲ್ಲ ಅವನದು;
ಬೇರೆಯವರ ಹೆಸರಿನ ಕೆಳಗೆ
ಬೇರೆಯವರ ವಾಕ್ಯಗಳ ಬೆನ್ನು ನೆಟ್ಟಗೆ ಮಾಡುವುದು.
ಕೆಂಪು ಶಾಯಿ ಮುಟ್ಟುತ್ತಿರಲಿಲ್ಲ.
"ಅದು ಮೇಷ್ಟ್ರುಗಳಿಗೆ. ನಮಗೆ ಪೆನ್ಸಿಲ್ ಸಾಕು,
ತಪ್ಪು ನನ್ನದೇ ಆದರೆ ಅಳಿಸಬಹುದು."

ನಾನು ಸೇರಿದ ಮೊದಲ ಚಳಿಗಾಲ,
ಒಬ್ಬ ಮುದುಕಿ ಸತ್ತ ಸುದ್ದಿ ಬರೆದೆ:
ತಾಮ್ರದ ಗಣಿಯವನ ಹೆಂಡತಿ, ಐದು ಮಕ್ಕಳು,
ಚರ್ಚಿನ ಗಾಯನದಲ್ಲಿ ನಲವತ್ತು ವರ್ಷ.
'ಅಸ್ತಂಗತರಾದರು' ಎಂದಿದ್ದೆ.
ಸುಲೊ ಕನ್ನಡಕ ಹಣೆಗೇರಿಸಿದ:
"ಅಸ್ತವಾಗೋಕೆ ಅವರೇನು ಸೂರ್ಯನೇ?
ಸತ್ತರು ಅಂತ ಬರಿ. ಸತ್ತವರಿಗೆ ಆ ಮಾತು ನೋಯಲ್ಲ."
ಆ ಪದ ತಿದ್ದಿದೆವು. ಹೆಸರನ್ನು ಇಬ್ಬರೂ ನೋಡಲಿಲ್ಲ.
ಕಿನ್ನುನೆನ್ ಎಂದಿರಬೇಕಾದ್ದು ಕಿನುನೆನ್ ಆಗಿ,
ಒಂದು ಒತ್ತು ಕಳೆದುಕೊಂಡು,
ಒಂಬತ್ತು ಸಾವಿರ ಮನೆಗಳ ಮೆಟ್ಟಿಲ ಮೇಲೆ ಹೋಗಿ ಬಿತ್ತು.

ಬೆಳಿಗ್ಗೆ ಮಗನ ಫೋನು. ನಾನು ಬಚ್ಚಲಲ್ಲಿ ಅಳುತ್ತಿದ್ದೆ.
ಮರುದಿನ ತಿದ್ದುಪಡಿ, ಎರಡೇ ಸಾಲು:
ತಪ್ಪು ವರದಿಗಾರರದ್ದಲ್ಲ, ಡೆಸ್ಕಿನದು.
ಡೆಸ್ಕು ಅಂದರೆ ಅವನು. ಆ ರಾತ್ರಿ ಬೇರೆ ಯಾರಿರಲಿಲ್ಲ.

ಮೊನ್ನೆ ಸುಲೊನ ಮಣ್ಣಿಗೆ ಆ ಮಗ ಬಂದಿದ್ದ,
ಈಗ ಅವನೂ ಮುದುಕ, ಕೈಲಿ ಕೋಲು.
"ಅವತ್ತು ಹಿಮ ಮಂಡಿಯುದ್ದ. ಹದಿನೆಂಟು ಮೈಲಿ.
ಸರಿಪಡಿಸಿದ ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.
ಕ್ಷಮಿಸಿ ಅಂದರು. ಆಮೇಲೆ ಸಲಿಕೆ ಕೇಳಿ,
ನಮ್ಮ ಅಂಗಳದ ಹಿಮ ಎತ್ತಿಹಾಕಿ ಹೋದರು."
ಇದನ್ನು ನನಗೆ ಹೇಳಿಯೇ ಇರಲಿಲ್ಲ.

ಅವನ ಬಗ್ಗೆ ದೊಡ್ಡ ಕಥೆಗಳೇನಿಲ್ಲ.
ಕಾರಿನ ಹಿಂದೆ ಜಂಪರ್ ಕೇಬಲ್ಲು, ಯಾರ ಬ್ಯಾಟರಿ ಸತ್ತರೂ.
ಮಂಗಳವಾರ ಏಲಕ್ಕಿ ಬ್ರೆಡ್ಡು; ಎಲ್ಲರಿಗೂ ಹೋಳು ಹಂಚಿ
ಒಣಗಿದ ತುದಿ ತನಗೆ.
ಜಾಹೀರಾತು ಕುಸಿದು ಅರ್ಧ ಜನರನ್ನು ಮನೆಗೆ ಕಳಿಸಿದ ವರ್ಷ
ಒಬ್ಬೊಬ್ಬರ ಪೆಟ್ಟಿಗೆಯನ್ನೂ ಕಾರಿನವರೆಗೆ ಹೊತ್ತುಕೊಟ್ಟ,
ಮರಳಿ ಬಂದು, ಕೂತು, ಪ್ರೂಫು ಎಳೆದುಕೊಂಡ.
ಕೂಗಾಡಿದ್ದು ಒಮ್ಮೆ ಮಾತ್ರ ಕೇಳಿದ್ದೇನೆ,
ಒಳಗೆ ಸಿಕ್ಕಿಕೊಂಡ ಪಾರಿವಾಳದ ಮೇಲೆ. ಅದೂ ಫಿನ್ನಿಷಿನಲ್ಲಿ.

ಅವನ ಸುದ್ದಿ ಬರೆಯುವ ಸರದಿ ನನಗೇ ಬಂದಿತ್ತು.
ನಲವತ್ತು ಸಾಲು ಬರೆದೆ.
'ಪ್ರೀತಿಯ' ಹೊಡೆದುಹಾಕಿದೆ. 'ಅಜಾತಶತ್ರು' ಹೊಡೆದುಹಾಕಿದೆ,
ಎದುರು ಕುರ್ಚಿಯಲ್ಲಿ ಕನ್ನಡಕ ಹಣೆಗೇರಿದ ಹಾಗಾಗಿ.
ಹದಿನಾರು ಉಳಿಯಿತು. ಸತ್ತರು ಎಂದೇ ಬರೆದೆ.
ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು.
ಸತ್ತವರಿಗೆ ನೋಯಲ್ಲ, ಸರಿ. ಬರೆಯುವವರಿಗೆ, ಸುಲೊ?

ಅವನು ಕಲಿಸಿದಂತೆ ಮನೆಗೆ ಫೋನು ಮಾಡಿ
ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದೆ.
ಎಲ್ಮಿ ಕೇಳಿಸಿಕೊಂಡಳು. ಆಮೇಲೆ, ನಗುವೋ ಅಳುವೋ,
"ಮತಿಲಾ ಅಲ್ಲಮ್ಮ. ಮತ್ತಿಲಾ.
ಮೊದಲ ದಿನವೇ ಮೇಜಿನ ಫಲಕದಲ್ಲಿ ತಪ್ಪು ಕೆತ್ತಿದ್ದರು.
ಕೆತ್ತಿದ ಹುಡುಗ ಹೊಸಬ, ಕೆಲಸ ಹೋದೀತು ಅಂತ ಸುಮ್ಮನಾದರು.
ಆಮೇಲೆ ನೀವೆಲ್ಲ ಹಾಗೇ ಕರೆದಿರಿ."

ಇಡೀ ಊರಿನ ಹೆಸರುಗಳನ್ನು ಕಾಯ್ದವನು
ತನ್ನದನ್ನು, ಬೇರೊಬ್ಬರ ಅಳತೆಯ ಕೋಟಿನ ಹಾಗೆ,
ತೊಟ್ಟುಕೊಂಡೇ ಓಡಾಡಿದ.

ಪತ್ರಿಕೆಯಲ್ಲಿ ಸರಿಯಾಗಿ ಬಂತು.
ಹಿತ್ತಾಳೆ ಫಲಕ ಇನ್ನೂ ಮೇಜಿನ ಮೇಲಿದೆ.
ಅದರ ಮೇಲೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದೆ,
ಇಲ್ಲೊಂದು ಬಿಟ್ಟುಹೋಗಿದೆ ಎನ್ನುವ ಗುರುತು.
ಗುರುವಾರ ಕೋಣೆ ಒರೆಸುವವಳು ಅದನ್ನೂ ಒರೆಸಿದಳು.
ಶುಕ್ರವಾರ ಮತ್ತೆ ಹಾಕಿದೆ.