ಕೋರಂ

ಚಾಂಪಿಯನ್ ರೀಫಿನ ನಮ್ಮ ಲೈನಿನಲ್ಲಿ
ಶನಿವಾರ ಒಲೆ ಹೊತ್ತಿಸದ ಮನೆ ಒಂದೇ ಒಂದು.
ಗಂಡ ವೈಂಡಿಂಗ್ ಇಂಜಿನ್ ಡ್ರೈವರು,
ಜನರನ್ನು ಪಾತಾಳಕ್ಕಿಳಿಸಿ ಮತ್ತೆ ಎತ್ತುವ ಕೆಲಸ.
ಹೆಂಡತಿ ಮಿಲ್ಕಾಬಾಯಿ ವಾಕ್ರೂಳ್ಕರ್,
ಬೊಂಬಾಯಿಯ ಯಹೂದಿ ಮಹಿಳಾ ಮಂಡಲಿಯ
ಚಿನ್ನದ ಗಣಿ ಶಾಖೆಗೆ ಅಧ್ಯಕ್ಷೆ.
ಶಾಖೆಯ ಒಟ್ಟು ಸದಸ್ಯರು: ಅವರೇ.

ನಿಯಮದ ಪುಸ್ತಕದಲ್ಲಿ ಕೋರಂ ಐದು ಅಂತಿತ್ತು.
"ಐದು ಹೆಂಗಸರು ಅಂತಿದೆ. ಯಾವ ದೇವರ ಹೆಂಗಸರು ಅಂತ
ಎಲ್ಲಿ ಬರೆದಿದೆ, ತೋರಿಸು?" ಅಂದರು ಅಮ್ಮನಿಗೆ.
ಅಮ್ಮ ಓದಲು ಬಾರದವಳು; ಒಪ್ಪಿ, ಸೆರಗು ಸಿಕ್ಕಿಸಿ ಹೊರಟಳು.

ಹಾಗೆ, ತಿಂಗಳ ಮೊದಲ ಭಾನುವಾರ,
ಟಿಂಬರಿಂಗ್ ಮುನಿಸ್ವಾಮಿಯ ಕನಗವಲ್ಲಿ,
ಆಸ್ಪತ್ರೆಯ ಆಯಾ ಫಿಲೋಮಿನಾ,
ಹೊಲಿಗೆ ಯಂತ್ರದ ಖೈರುನ್ನಿಸಾ, ಅಮ್ಮ, ಮಿಲ್ಕಾಬಾಯಿ: ಐದು.
ಹನ್ನೊಂದು ವರ್ಷದ ನಾನು ಲೆಕ್ಕಕ್ಕಿಲ್ಲ,
ಆದರೆ ಅಕ್ಷರ ದುಂಡಗಿದ್ದವು, ಕಾರ್ಯದರ್ಶಿಯಾದೆ.
ಕನ್ನಡದಲ್ಲಿ ನಾನು ಬರೆದ ನಡಾವಳಿಯನ್ನು
ರಾತ್ರಿ ಅವರು ಮರಾಠಿಗಿಳಿಸಿ ಅಂಚೆಗೆ ಹಾಕುತ್ತಿದ್ದರು.

ಮೇಜಿನ ಮೇಲೆ ನೀಲಿ ತಗಡಿನ ಡಬ್ಬಿ,
ಅದರ ಮುಖದ ಮೇಲೆ ಮೂಲಂಗಿಯಂಥ ಒಂದು ದೇಶ.
ಅಲ್ಲಿ ಮಕ್ಕಳ ಆಸ್ಪತ್ರೆಗೆ ಮಂಚ ಬೇಕು.
ಮಂಚ ಅಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು,
ದೇಶದ ಹೆಸರು ಮಾತ್ರ ಕನಗವಲ್ಲಿಯ ನಾಲಿಗೆಗೆ ಹತ್ತಲೇ ಇಲ್ಲ.
ಕೊನೆಗೆ ಮಲೀದಾ: ಅವಲಕ್ಕಿ, ಬೆಲ್ಲ, ಕಾಯಿತುರಿ, ಏಲಕ್ಕಿ.
ನಿಜ ಹೇಳಬೇಕೆಂದರೆ ಕೋರಂ ಕೂಡುತ್ತಿದ್ದುದು ಅದಕ್ಕೇ.

ಒಮ್ಮೆ ಲೆಕ್ಕದಲ್ಲಿ ಹದಿನೈದು ಪೈಸೆ ಕಮ್ಮಿ ಬಂತು.
ನಡುರಾತ್ರಿಯವರೆಗೆ ಲಾಂದ್ರ ಹಿಡಿದು
ಚಾಪೆ ಕೊಡವಿದರು, ಒರಳಿನ ಗುಣಿಗೂ ಕೈ ಹಾಕಿದರು.
ನನ್ನ ಜೇಬಿನಲ್ಲಿ ಎಲಚಿಹಣ್ಣಿನ ಬೀಜಗಳಿದ್ದವು.
ಇವತ್ತಿನವರೆಗೆ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಅಲ್ಲಿ ಯುದ್ಧ ಎಂದು ರೇಡಿಯೋ ಹೇಳಿದ ತಿಂಗಳು
ಖೈರುನ್ನಿಸಾ ನಾಣ್ಯವನ್ನು ಡಬ್ಬಿಯ ಬಾಯಲ್ಲೇ ತಡೆದು ಕೇಳಿದಳು:
"ಬಾಯೀ, ನಮ್ಮವರ ಕೂಸು ಸುಟ್ಟುಕೊಂಡು ಬಂದರೆ
ಆ ಮಂಚದಲ್ಲಿ ಮಲಗಿಸ್ತಾರಾ?"
ಹೊರಗೆ ಸೈನೈಡ್ ಗುಡ್ಡದ ಬೂದಿ ಗಾಳಿಗೆ ಎದ್ದು
ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು.
ಮಿಲ್ಕಾಬಾಯಿ "ಹೌದು" ಅನ್ನಬಹುದಿತ್ತು.
"ಗೊತ್ತಿಲ್ಲ" ಅಂದರು. "ಬರೆದು ಕೇಳ್ತೀನಿ."
ಠರಾವು ಮೂರು: ಕೇಳುವುದು.

ಬೊಂಬಾಯಿಯಿಂದ ಬಂದದ್ದು ರಸೀದಿ,
ಅಚ್ಚು ಹಾಕಿಸಿದ ಧನ್ಯವಾದ.
ಖೈರುನ್ನಿಸಾ ಬರಲಿಲ್ಲ.
ನಾಲ್ವರೂ ಗಣಿಯ ಸಂಗು ಕೂಗುವವರೆಗೆ ಕೂತರು.
"ಕೋರಂ ಇಲ್ಲದೆ ಸಭೆ ಮುಂದೂಡಲಾಯಿತು":
ಈ ವಾಕ್ಯ ನನ್ನ ದುಂಡಕ್ಷರದಲ್ಲಿ ನಾಲ್ಕು ಸಲ ಇದೆ.
ಮಲೀದಾದ ಒಂದು ಪಾಲು ಹೊಲಿಗೆ ಯಂತ್ರದ ಮನೆಗೆ ಹೋಗುತ್ತಿತ್ತು,
ಬಟ್ಟಲು ತೊಳೆದು ವಾಪಸ್ಸು ಬರುತ್ತಿತ್ತು; ಮಾತು ಬರುತ್ತಿರಲಿಲ್ಲ.

ಆಮೇಲೆ ಆ ರಾತ್ರಿ, ನೆಲದೊಳಗೆ ಬಂಡೆ ಸಿಡಿದು
ನಮ್ಮ ತಗಡಿನ ಮನೆಗಳೆಲ್ಲ ಹಲ್ಲು ಕಡಿದವು.
ಕೆಳಗಿದ್ದವರಲ್ಲಿ ಖೈರುನ್ನಿಸಾಳ ತಮ್ಮ ಬಾಬಾಜಾನ್.
ಶಾಫ್ಟಿನ ಬಾಯಿಗೆ ಲೈನಿಗೆ ಲೈನೇ ಓಡಿತು.
ಮಿಲ್ಕಾಬಾಯಿ ಮಾತ್ರ ಒಳಗೆ ಹೋಗಿ
ಈಳಿಗೆಮಣೆಯ ತುದಿಯಿಂದ ಡಬ್ಬಿಯ ಹೊಟ್ಟೆ ಸೀಳಿದರು.
ಜಟಕಾಕ್ಕೆ, ಹತ್ತಿಗೆ, ಬನ್ನಿಗೆ, ಚಹಕ್ಕೆ
ಮೂಲಂಗಿ ದೇಶದ ಚಿಲ್ಲರೆ ಎಣಿಸಿ ಎಣಿಸಿ ಕೊಟ್ಟರು.
ಬೆಳಗಿನ ಜಾವ, ಅವರ ಗಂಡ ಎತ್ತಿದ ಪಂಜರದಲ್ಲಿ
ಬಾಬಾಜಾನ್ ಬಂದ. ಎಡಗಾಲು ಕೆಳಗೇ ಉಳಿದಿತ್ತು.

"ಡಬ್ಬಿಯಿಂದ ಸಾಲ: ಮೂವತ್ತೆಂಟು ರೂಪಾಯಿ ನಲವತ್ತು ಪೈಸೆ.
ಅನುಮತಿ ಪಡೆದಿಲ್ಲ. ಜವಾಬ್ದಾರಿ ಅಧ್ಯಕ್ಷೆಯದು."
ಹೇಳಿ ಬರೆಸಿದರು. ತಿಂಗಳಿಗೆ ಎರಡರಂತೆ
ತೀರಿಸಿದರು, ಕೋಳಿಮೊಟ್ಟೆ ಮಾರಿ.

ಮುಂದಿನ ಭಾನುವಾರ ಬಾಗಿಲ ಚೌಕಟ್ಟಿಗೆ ಒರಗಿ
ಖೈರುನ್ನಿಸಾ ನಿಂತಳು. ಕೂರಲಿಲ್ಲ. ನಾಣ್ಯ ತಂದಿರಲಿಲ್ಲ.
ನಾನು ಪೆನ್ನೆತ್ತಿ, ಮೆಲ್ಲಗೆ,
"ಹೊಸ್ತಿಲ ಮೇಲೆ ನಿಂತವರು ಲೆಕ್ಕಕ್ಕೆ ಬರ್ತಾರಾ?" ಅಂದೆ.
ಮಿಲ್ಕಾಬಾಯಿ ಬೆಸುಗೆ ಹಾಕಿಸಿದ ಡಬ್ಬಿಯನ್ನು
ಸ್ವಲ್ಪ ಪಕ್ಕಕ್ಕೆ ಸರಿಸಿ, ತಟ್ಟೆ ಮುಂದಿಟ್ಟರು.
"ಬರಿ."