ಉಳಿದ ತೋಟೆ

ಗಂಡು ಹುಟ್ಟಿದರೆ ಒಂದು ಗುಂಡು,
ಸಾವಾದರೆ ಒಂದರ ಬೆನ್ನಿಗೇ ಇನ್ನೊಂದು.
ಕೊಡಗಿನಲ್ಲಿ ಈ ಲೆಕ್ಕ ಮಕ್ಕಳಿಗೂ ಗೊತ್ತು.

ಚೋಂದಮ್ಮ ತೀರಿಕೊಂಡ ಬೆಳಿಗ್ಗೆ
ಎಂಬತ್ತೊಂದರ ತಮ್ಮಯ್ಯ
ಬನಿಯನ್ನಿನ ಮೇಲೆ ಕೋಟು ತೊಟ್ಟು
ವಿರಾಜಪೇಟೆಯ ನಮ್ಮ ಓಣಿಯ ನಡುವೆ ನಿಂತು
ಜೋಡಿನಳಿಗೆ ಕೋವಿಯನ್ನು ಆಕಾಶಕ್ಕೆತ್ತಿದ.
ಒಂದು ಹಾರಿತು.
ಇನ್ನೊಂದು, ಜುಲೈ ಪೂರ್ತಿ ಕಪಾಟಿನಲ್ಲಿ
ಥಂಡಿ ಕುಡಿದದ್ದು,
ಟಿಕ್ ಎಂದು ಸುಮ್ಮನಾಯಿತು.

ಅವನಿಗದು ಗೊತ್ತಾಗಲಿಲ್ಲ.
ಇಪ್ಪತ್ತು ವರ್ಷದಿಂದ ಅವನ ಕಿವಿ ಅವಳೇ.
ಹಾಲಿನವನ ಗಂಟೆ, ಕುಕ್ಕರಿನ ಸೀಟಿ,
ಫೋನಿನಲ್ಲಿ ಯಾರೋ ಅತ್ತದ್ದು
ಎಲ್ಲ ಅವಳ ಬಾಯಿಂದ, ಜೋರಾಗಿ,
ಸ್ವಲ್ಪ ಸುಳ್ಳೂ ಬೆರೆತು ತಲುಪುತ್ತಿತ್ತು.

ಕೋವಿ ಒರಸಿಟ್ಟ. ಬೆಂಚು ಎಳೆದು ಹಾಕಿ
ಅಳುವವರಿಗಾಗಿ ಕಾದ.

ಮೊದಲು ಬಂದವನು ಮೀನಿನ ಹಂಸ.
ಸ್ಕೂಟರಿನಿಂದ ಇಳಿಯದೆ ಕೂಗಿದ:
'ಯಾರ ಮನೇದು ಅಜ್ಜಾ, ಗಂಡಾ?'
ತುಟಿ ನೋಡಿ ತಿಳಿದಷ್ಟಕ್ಕೆ ತಮ್ಮಯ್ಯ ಹೇಳಿದ:
'ನಮ್ಮದೇ. ನಾಲ್ಕು ಗಂಟೆಗೆ. ನೋವೇನೂ ಇರಲಿಲ್ಲ.'
ಹಂಸ ನಕ್ಕ. ಆಮೇಲೆ ಅಜ್ಜನ ವಯಸ್ಸು ಎಣಿಸಿದ.
ಆದರೂ ಯಾವುದಕ್ಕೂ ಇರಲಿ ಎಂದು
ಅರ್ಧ ಕಿಲೋ ಮತ್ತಿ ಎಲೆಯಲ್ಲಿ ಕಟ್ಟಿ
'ಬಾಣಂತಿಗೆ' ಎಂದು ಕೈಗಿತ್ತ.

ಎದುರುಮನೆಯ ಫಿಲೋಮಿನಾ ಟೀಚರು
ತಮ್ಮ ಮೊಮ್ಮಗನ ಹಳೆಯ ಕುಲಾವಿ ಹಿಡಿದು
ನಗುತ್ತ ಒಳಗೆ ಹೋದರು.
ಒಳಗೆ ದೀಪ, ಬಿಳಿ ಸೀರೆ, ಕಟ್ಟಿದ ಹೆಬ್ಬೆರಳು.
ಕುಲಾವಿ ಎಲ್ಲಿಡುವುದೆಂದು ತೋಚದೆ
ರವಿಕೆಯೊಳಗೆ ಸೇರಿಸಿಕೊಂಡು
ಅಳತೊಡಗಿದರು.

'ಎರಡು ಹೊಡೆದೆನಲ್ಲ!'
ಒಂದೇ ಎಂದು ನಾವು ಬೆರಳೆತ್ತಿದೆವು.
ನಂಬಲಿಲ್ಲ.
ಒಳಕೋಣೆಯ ಕಡೆ ತಿರುಗಿ, ರೂಢಿಯಂತೆ,
ಅವಳನ್ನೇ ಕೇಳಿದ:
'ನಿಂಗೆಷ್ಟು ಕೇಳಿಸ್ತು?'

ಮತ್ತಿ ಸಂಜೆಯವರೆಗೂ ಬೆಂಚಿನ ಮೇಲೇ ಇತ್ತು.
ಬೆಕ್ಕುಗಳಷ್ಟೇ ಸರಿಯಾದ ಹೊತ್ತಿಗೆ ಬಂದವು.

ಮಾದ ಕಳೆದ ಮೇಲೆ ಹೇಳಿದೆವು,
ಹಾರದ ತೋಟೆ ಮನೆಯಲ್ಲಿ ಬೇಡ, ಎಸೆದುಬಿಡಿ.
'ಎಸೆಯುವುದೇಕೆ? ನನಗೂ ಎರಡು ಬೇಕಲ್ಲ.
ಒಂದು ಉಳಿತಾಯ.'

ಈಗ ಬಿಸಿಲು ಕಂಡ ದಿನ
ಅವಳ ಉಪ್ಪಿನಕಾಯಿ ಭರಣಿಯ ಪಕ್ಕ
ಓಣಿಯ ಕಡೆಯ ಕಿಟಕಿಯಲ್ಲಿ
ಆ ತೋಟೆಯನ್ನೂ ಒಣಗಲು ಇಡುತ್ತಾನೆ.
ಗಂಟೆಗೊಮ್ಮೆ ಹೊರಳಿಸುತ್ತಾನೆ,
ಅವಳು ಸಂಡಿಗೆ ಹೊರಳಿಸುತ್ತಿದ್ದ ಹಾಗೆ.

ಆ ಕಿಟಕಿ ದಾಟುವಾಗ ನಾವೆಲ್ಲ
ತಲೆ ತಗ್ಗಿಸಿ ನಡೆಯುತ್ತೇವೆ.
ದೂರದಿಂದ ನೋಡುವವರಿಗೆ
ಗೌರವದಂತೆ ಕಾಣುತ್ತದೆ.